ಸೀದ ರೊಟ್ಟಿಯ ಲೆಕ್ಕ

ಆಗೆಲ್ಲ ನಮ್ಮ ಮನೆಯಲ್ಲಿ ಕಥೆ ಚೆನ್ನಾಗಿದ್ದ ದಿನ ರೊಟ್ಟಿ ಸೀದುಹೋಗುತ್ತಿತ್ತು.

ಕೊಪ್ಪಳ ಸೀಮೆಯ ತಳಕಲ್ಲಿನ ಆಚೆ ಒಂದು ಸಣ್ಣ ಹಳ್ಳಿ ನಮ್ಮದು. ನಾನಾಗ ಏಳನೆಯ ತರಗತಿ. ಅಪ್ಪ ಗಿಣಿಗೇರಾದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದ. ಅವ್ವ ಹೊಲದ ಕೂಲಿ ಮುಗಿಸಿ ಬಂದು, ಮುಖಕ್ಕೆ ನೀರು ಹಾಕಿಕೊಂಡು, ಒಲೆ ಹೊತ್ತಿಸಿ ಹಂಚು ಇಡುವಷ್ಟರಲ್ಲಿ ನಾನು ಪುಸ್ತಕ ಹಿಡಿದು ಬಲ್ಬಿನ ಕೆಳಗೆ ಕೂತಿರಬೇಕಿತ್ತು. ತಡವಾದರೆ ಬೈಗುಳ. ಅವ್ವ ಒಂದು ದಿನವೂ ಸಾಲಿಯ ಮುಖ ಕಂಡವಳಲ್ಲ. ಅವಳು ರೊಟ್ಟಿ ಬಡಿಯುವಾಗ ನಾನು ದೊಡ್ಡ ದನಿಯಲ್ಲಿ ಓದುತ್ತಿದ್ದೆ, ನೀರು ಸವರುವಾಗ ದನಿ ಇಳಿಸುತ್ತಿದ್ದೆ. ಕಥೆ ಬಿಗಿಯಾದಂತೆ ಬಡಿತ ನಿಧಾನವಾಗುತ್ತಿತ್ತು, ಆಮೇಲೆ ನಿಂತೇಹೋಗುತ್ತಿತ್ತು. ಅಷ್ಟರಲ್ಲಿ ಹಂಚಿನ ಮೇಲಿನ ಜೋಳದ ರೊಟ್ಟಿಯ ಕಮರು ವಾಸನೆ ಮೂಗಿಗೆ ಬಡಿಯುತ್ತಿತ್ತು.

"ಆ ಮೂಳಗ ಬುದ್ಧಿ ಐತೇನ? ಕುಂಟ ಕುದರಿ ಅಂತ ಮಾರಾಕತ್ಯಾನಲ್ಲ!" ಎಂದು ಕಥೆಯೊಳಗಿನವರನ್ನು ಬೈಯುತ್ತಲೇ ಕರಕಲು ರೊಟ್ಟಿಯನ್ನು ಬುಟ್ಟಿಯ ತಳಕ್ಕೆ ತಳ್ಳುತ್ತಿದ್ದಳು.

ಪಾಳಿ ಮುಗಿಸಿ ಬಂದ ಅಪ್ಪನ ತಾಟಿಗೆ ಅದೇ ಬೀಳುತ್ತಿತ್ತು. ಅವನು ಅದನ್ನು ಬಲ್ಬಿಗೆ ಹಿಡಿದು ನೋಡಿ, ನನ್ನತ್ತ ತಿರುಗಿ, "ಯವ್ವಾ ನೀಲಾ, ಇವತ್ತಿನ ಕಥಿ ಭಾಳ ಛಲೋ ಇತ್ತೇನು?" ಎನ್ನುತ್ತಿದ್ದ.

ಪ್ರತಿಯೊಂದನ್ನೂ ಬರೆದಿಡುವ ಚಟ ನನಗೆ ಆಗಲೇ ಹತ್ತಿತ್ತು. ಸಾಲಿಯಲ್ಲಿ ಕನ್ನಡದ ಸರ್ ಒಂದು ಪಂದ್ಯ ಹಾಕಿದ್ದರು. ವರ್ಷದಲ್ಲಿ ಯಾರು ಎಷ್ಟು ಪುಸ್ತಕ ಓದಿದರೆಂದು ತಾವೇ ಬರೆದಿಡಬೇಕು. ಎಲ್ಲರಿಗಿಂತ ಹೆಚ್ಚು ಓದಿದವರ ಕೈಗೆ ಮುಂದಿನ ವರ್ಷವೆಲ್ಲ ಪುಸ್ತಕದ ಕಪಾಟಿನ ಕೀಲಿ. ನಾನು ಬರೆಯುವ ವಹಿಯೊಂದರಲ್ಲಿ ಅಳತೆಪಟ್ಟಿಯಿಟ್ಟು ಗೆರೆ ಎಳೆದೆ: ಸುರು ಮಾಡಿದ ತಾರೀಖು, ಮುಗಿದ ತಾರೀಖು, ಪುಸ್ತಕದ ಹೆಸರು, ಓದಿದವರು. ಅಂಚಿನಲ್ಲಿ ಇನ್ನೊಂದು ಸಣ್ಣ ಕಾಲಂ, ಸೀದ ರೊಟ್ಟಿ. ಒಳ್ಳೆಯ ಪುಸ್ತಕಕ್ಕೆ ಮೂರು, ಸಪ್ಪೆ ಪುಸ್ತಕಕ್ಕೆ ಸೊನ್ನೆ. ಕುಂಟ ಕುದುರೆಗೆ ಐದು ಬಿದ್ದಿದ್ದವು. 'ಓದಿದವರು' ಎಂಬಲ್ಲಿ 'ನಾನು, ಅವ್ವ' ಎಂದು ಬರೆಯುತ್ತಿದ್ದೆ. ಹಾಗೆ ಬರೆಯಬೇಕೋ ಬೇಡವೋ ಎಂಬ ಯೋಚನೆಯೇ ನನಗೆ ಬರಲಿಲ್ಲ. ಏಕೆಂದರೆ ಅವ್ವ ಹಾಗೆಯೇ ಹೇಳುತ್ತಿದ್ದಳು. ಪಕ್ಕದ ಮನೆಯ ದುರಗವ್ವ ಬಂದು, "ಏನಕ್ಕಾ, ಯಾವ ಪುಸ್ತಕದು?" ಎಂದರೆ, "ಅದಾ? ಅದನ್ನ ನಾವು ಹ್ವಾದ ವಾರ ಓದೀವಿ" ಎನ್ನುತ್ತಿದ್ದಳು.

ಓದೀವಿ. ನಾವು.

ವರ್ಷದ ಕೊನೆಗೆ ಇಪ್ಪತ್ತೇಳು ಪುಸ್ತಕಗಳಾದವು. ಅದರಲ್ಲಿ ಇಪ್ಪತ್ಮೂರು ಅವ್ವನೊಂದಿಗೆ. ಇಪ್ಪತ್ತೆಂಟನೆಯದು ಅರ್ಧವಾಗಿತ್ತು, ಅದರೊಳಗೆ ಕಳೆದುಹೋದ ಎತ್ತನ್ನು ಹುಡುಕುತ್ತ ಹೊರಟ ಹುಡುಗಿ ಹೊಳೆಯ ದಂಡೆಗೆ ಬಂದು ನಿಂತಿದ್ದಳು. ಫಲಿತಾಂಶ ಹೇಳುವ ದಿನ ತಾಯಿ ತಂದೆಯರನ್ನೂ ಕರೆದಿದ್ದರು. ಅವ್ವ ಒಂದು ದಿನದ ಕೂಲಿ ಬಿಟ್ಟು, ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟು, ಹೆಂಗಸರ ಮುಂದಿನ ಸಾಲಿನಲ್ಲೇ ಕೂತಳು.

ಸರ್ ಒಬ್ಬೊಬ್ಬರ ವಹಿ ತೆಗೆದು ಲೆಕ್ಕ ಓದುತ್ತ ಬಂದರು. ನನ್ನದು ತೆರೆದರು. ಹುಬ್ಬೇರಿಸಿದರು.

"ಏನಿದು, ನಾನು, ಅವ್ವ? ನಿಮ್ಮವ್ವಗ ಓದಾಕ ಬರ್ತೈತೇನು?"

"ನಾನು ಓದ್ತೀನ್ರಿ ಸರ್. ಆಕಿ ಕೇಳ್ತಾಳ್ರಿ."

"ಕಿವೀಲೆ ಓದ್ತಾರೇನು ಯಾರರ?" ಮಕ್ಕಳು ನಕ್ಕರು. ಸರ್‌ಗೆ ಹುರುಪು ಬಂತು. ಹೆಂಗಸರ ಕಡೆ ತಿರುಗಿದರು. "ಏಳ್ರಿ ಅವ್ವಾರ. ಎಷ್ಟು ಪುಸ್ತಕ ಓದೀರಿ ಈ ವರ್ಷ?"

ಅವ್ವನಿಗೆ ಆ ಕುಹಕ ತಿಳಿಯಲಿಲ್ಲ. ತನ್ನನ್ನು ಮೆಚ್ಚಿ ಕೇಳುತ್ತಿದ್ದಾರೆಂದೇ ತಿಳಿದಳು. ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು. "ಇಪ್ಪತ್ಮೂರು ಓದೀವ್ರಿ ಸರ್."

ಇಡೀ ಕೋಣೆ ಗೊಳ್ಳೆಂದಿತು. ದೊಡ್ಡವರೂ ನಕ್ಕರು. ಅಕ್ಷರ ಬಾರದ ಹೆಂಗಸರು ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

"ಹಂಗಾದ್ರ ಈ ಹಲಗಿ ಮ್ಯಾಲಿಂದು ಒಂದು ಸಾಲು ಓದ್ರಿ, ನೋಡೂನು."

ಕರಿ ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ 'ಪಾಲಕರಿಗೆ ಸ್ವಾಗತ' ಎಂದಿತ್ತು. ಎರಡೇ ಶಬ್ದ. ಅವ್ವ ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಬರೂದಿಲ್ರಿ" ಎಂದಳು. ಕೂತುಕೋ ಎಂದು ಯಾರೂ ಹೇಳದ್ದರಿಂದ ಹಾಗೆಯೇ ನಿಂತಿದ್ದಳು. ಅವಳು ನಿಂತಿದ್ದಂತೆಯೇ ಸರ್ ಕೆಂಪು ಪೆನ್ನು ತೆಗೆದು ಅವಳ ಹೆಸರಿದ್ದ ಸಾಲುಗಳನ್ನೆಲ್ಲ ಹೊಡೆದು ಹಾಕಿ, ಕೆಳಗೆ ತಾರೀಖು ಬರೆದು ಸಹಿ ಮಾಡಿದರು. ಇದು ಓದಿದ್ದಲ್ಲ, ಕಥೆ ಹೇಳಿದ್ದು ಎಂದರು. ನನ್ನ ಲೆಕ್ಕ ನಾಲ್ಕಕ್ಕೆ ಇಳಿಯಿತು. ಕೀಲಿ ಬೇರೆಯವರ ಕೈಗೆ ಹೋಯಿತು.

ಕೀಲಿ ಹೋದದ್ದಕ್ಕೆ ಅತ್ತದ್ದು ಅವತ್ತೊಂದೇ ದಿನ. ಸಿಟ್ಟು ಅದಕ್ಕಲ್ಲ.

ದಾರಿಯಲ್ಲಿ ಅವ್ವ ಕೇಳಿದಳು: "ನನ್ನ ಹೆಸರು ಯಾಕ ಬರದಿ ಯವ್ವಾ?"

"ನೀನೂ ಓದಿದಿಯಲ್ಲ ಮತ್ತ?"

"ನನಗೆಲ್ಲಿ ಓದಾಕ ಬರ್ತೈತಿ." ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆ ಹಂಚು ಇಟ್ಟಾಗ ನಾನು ಎಂದಿನಂತೆ ಬಲ್ಬಿನ ಕೆಳಗೆ ಕೂತು, ಹುಡುಗಿ ಹೊಳೆಯ ದಂಡೆಯಲ್ಲಿ ನಿಂತಿದ್ದ ಪುಟ ತೆಗೆದೆ. ಒಂದು ಸಾಲು ಓದಿದ್ದೆ, ಅಷ್ಟೆ. ಅವ್ವ ತಲೆ ಎತ್ತದೆ ಹಿಟ್ಟು ನಾದುತ್ತ ಅಂದಳು:

"ಮನಸಿನ್ಯಾಗ ಓದ್ಕೋ."

ರೊಟ್ಟಿಯ ಬಡಿತ ಒಂದೇ ಸಮ ನಡೆಯಿತು. ರಾತ್ರಿ ಅಪ್ಪ ತನ್ನ ತಾಟಿನ ಬೆಳ್ಳನೆಯ ರೊಟ್ಟಿಯನ್ನು ತಿರುಗಿಸಿ ನೋಡಿ, "ಇವತ್ತ ಕಥಿ ಇರಲಿಲ್ಲೇನು?" ಎಂದ. ಅವ್ವ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಮರುದಿನ ಆ ಪುಸ್ತಕವನ್ನು ಹಿಂದಕ್ಕೆ ಕೊಟ್ಟೆ. ವಹಿಯಲ್ಲಿ ಅದರ ಮುಗಿದ ತಾರೀಖಿನ ಮನೆ ಇನ್ನೂ ಖಾಲಿ ಇದೆ.

ನಾನೀಗ ಕೊಪ್ಪಳದಲ್ಲಿ ಕೆಲಸದಲ್ಲಿದ್ದೇನೆ. ವರ್ಷದ ಪುಸ್ತಕಗಳ ಲೆಕ್ಕ ಇಡುವುದನ್ನು ಬಿಟ್ಟಿಲ್ಲ. ಹೋದ ವರ್ಷ ನಲವತ್ತೊಂದು. ಎಲ್ಲವನ್ನೂ ಮನಸ್ಸಿನಲ್ಲಿಯೇ ಓದಿದ್ದು. ಅದೇ ಸರ್ ನಿವೃತ್ತರಾಗಿ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಹೋದ ತಿಂಗಳು ಒಂದು ಬೆಳಿಗ್ಗೆ ಕೈಮುಗಿದ ಚಿತ್ರದ ಜೊತೆಗೆ ಒಂದು ಸಂದೇಶ ಹಾಕಿದ್ದರು: 'ನಮ್ಮ ಹಳ್ಳಿಗಳಲ್ಲಿ ಓದುವ ಸಂಸ್ಕೃತಿ ಸತ್ತುಹೋಗಿದೆ.' ಅದರ ಕೆಳಗೆ ಎಲ್ಲರೂ ಹೌದು ಸರ್, ನಿಜ ಸರ್ ಎಂದಿದ್ದರು. ನಾನು ಬರೆದೆ, ಅಳಿಸಿದೆ, ಮತ್ತೆ ಬರೆದೆ: 'ನಮ್ಮ ಮನೆಯಲ್ಲಿ ಅದು ತಾನಾಗಿ ಸಾಯಲಿಲ್ಲ ಸರ್. ಸತ್ತ ತಾರೀಖು ನನ್ನ ವಹಿಯಲ್ಲಿದೆ, ನಿಮ್ಮದೇ ಕೆಂಪು ಶಾಯಿಯಲ್ಲಿ.' ಕಳಿಸಿದೆ. ಅವರಿಗೆ ಅದು ನೆನಪೂ ಇರಲಿಕ್ಕಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು.

ಆ ವಾರ ಊರಿಗೆ ಹೋಗಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಸುಮ್ಮನೆ ಕೂತಿದ್ದೆ. ಮೊಸರು ಕೇಳಲು ಬಂದ ದುರಗವ್ವ ಬಾಗಿಲಲ್ಲೇ ನಿಂತು ಕೇಳಿದಳು: "ಏನಕ್ಕಾ, ಛಲೋ ಐತೇನ ಆ ಪುಸ್ತಕ?"

"ನನಗೇನ ಗೊತ್ತವಾ" ಎಂದಳು ಅವ್ವ. "ಅದನ್ನ ನಮ್ಮ ಹುಡುಗಿ ಓದ್ಯಾಳ."

ಹಂಚಿನಿಂದ ರೊಟ್ಟಿ ಎಬ್ಬಿಸಿ ಬುಟ್ಟಿಗೆ ಹಾಕಿದಳು. ಅದರ ಮೇಲೆ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ.