ತುಟಿಯ ಮೇಲೆ ಖಾಲಿ ಬಿಟ್ಟ ಜಾಗ

ಹೋದ ವಾರ ಜಯನಗರ ನಾಲ್ಕನೇ ಬ್ಲಾಕಿನ ಲ್ಯಾಬೊಂದರಲ್ಲಿ ಸಕ್ಕರೆ ಪರೀಕ್ಷೆಗೆಂದು ತೋಳು ಚಾಚಿ ಕೂತಿದ್ದೆ. ರಕ್ತ ತೆಗೆಯುವ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿಂದ "ಅಯ್ಯೋ, ಹೂವು" ಎಂದು ಬಂದುಬಿಟ್ಟಿತು.

"ಏನಂದ್ರಿ ಅಂಕಲ್?"

"ಏನಿಲ್ಲಮ್ಮ, ನೀನು ಚುಚ್ಚು."

ಸ್ಪಿರಿಟ್ ಅಂದರೆ ನಿಮಗೆ ಇಂಜೆಕ್ಷನ್ನೋ ಆಸ್ಪತ್ರೆಯೋ ನೆನಪಾಗಬಹುದು. ನನಗೆ ನೆನಪಾಗುವುದು ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ನಾನು ಮಾಡಿದ ಒಂದು ಹೂಗಳ್ಳತನ. ಅದೂ ನಮ್ಮ ಮನೆಯ ತಾರಸಿಯ ಮೇಲೆಯೇ.

ತ್ಯಾಗರಾಜನಗರದಲ್ಲಿ ಬೆಳಗಿನ ಐದೂವರೆಗೆ ಓಡಾಡಿದವರಿಗೆ ನಮ್ಮ ಪಂಗಡದ ಪರಿಚಯ ಇದ್ದೇ ಇರುತ್ತದೆ. ಮಂಕಿ ಕ್ಯಾಪು, ಸ್ವೆಟರು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು. ಕೇಳಿದರೆ ವಾಕಿಂಗ್ ಅನ್ನುತ್ತೇವೆ. ಕಾಂಪೌಂಡಿನಿಂದ ಈಚೆ ಬಾಗಿದ ಕೊಂಬೆ ರಸ್ತೆಗೆ ಸೇರಿದ್ದು, ರಸ್ತೆ ಎಲ್ಲರದ್ದು, ಅದರ ಮೇಲೆ ಹೂವು ದೇವರಿಗೆ ಅಂದಮೇಲೆ ಯಾರನ್ನು ಏನು ಕೇಳುವುದು? ಇದು ನಮ್ಮ ಕಾನೂನು. ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು, ಹಲ್ಲಿನ ಚಕ್ರಗಳ ನಕ್ಷೆ ಬರೆದು ಬರೆದು ನಿವೃತ್ತನಾದ ನನಗೆ, ಹೆಂಡತಿ ಸರಸ್ವತಿ ಕೊಟ್ಟ ಹೊಸ ಕೆಲಸವೆಂದರೆ ಈ ಹೂವಿನ ಸರಬರಾಜು. ಎರಡು ಬೀದಿಯ ದಾಸವಾಳ, ಕಣಗಿಲೆ, ನಂದಿಬಟ್ಟಲುಗಳ ಹಾಜರಿ ನನ್ನ ನಾಲಿಗೆಯ ಮೇಲಿರುತ್ತಿತ್ತು.

ಆ ದಿನಗಳಲ್ಲಿ ನಮ್ಮ ತಾರಸಿಯ ರೂಮಿಗೆ ಚೇತನಾ ಎಂಬ ಹುಡುಗಿ ಬಾಡಿಗೆಗೆ ಬಂದಳು. ಕಾಡಿನ ಗಿಡಗಳ ಮೇಲೆ ಸಂಶೋಧನೆ ಮಾಡುವವಳು. ಉಳಿದವರು ಫ್ರಿಜ್ಜು, ಮಂಚ ತಂದರೆ ಇವಳು ಆಟೋದಿಂದ ಪಾಚಿ ಹಿಡಿದ ಒಂದು ತುಂಡು ಕೊಂಬೆಯನ್ನು ಎಳೆಗೂಸಿನ ಹಾಗೆ ಇಳಿಸಿಕೊಂಡಳು. ತಾರಸಿಯ ಮೂಲೆಯಲ್ಲಿ ಹಸಿರು ನೆಟ್ ಕಟ್ಟಿ, ಒಳಗೆ ಅದನ್ನು ತೂಗುಹಾಕಿದಳು. ಕೊಂಬೆಗೆ ಅಂಟಿಕೊಂಡು ನಾಲ್ಕು ದಪ್ಪ ಎಲೆಯ ಒಂದು ಪುಟ್ಟ ಗಿಡ.

"ಆರ್ಕಿಡ್ಡು ಅಂಕಲ್. ಇದನ್ನ ಇದುವರೆಗೂ ಯಾರೂ ಗುರುತಿಸಿಲ್ಲ ಅನ್ಸುತ್ತೆ. ಹೊಸ ಜಾತಿ."

"ಎಲ್ಲಿ ಸಿಕ್ತಮ್ಮ?"

"ಘಟ್ಟದಲ್ಲಿ, ಒಂದು ಹಳ್ಳದ ಪಕ್ಕ ಬಿದ್ದಿದ್ದ ಕೊಂಬೇಲಿ. ಯಾವ ಹಳ್ಳ ಅಂತ ಮಾತ್ರ ಹೇಳಲ್ಲ. ಹೇಳಿದ್ರೆ ಬರೋ ವಾರ ಯಾವನೋ ಕಿತ್ಕೊಂಡ್ ಬಂದು ಆನ್‌ಲೈನಲ್ಲಿ ಮಾರ್ತಿರ್ತಾನೆ."

ಕಳ್ಳರು ಮನೆಯೊಳಗೂ ಇರಬಹುದೆಂದು ಆ ಹುಡುಗಿಗೆ ಹೊಳೆಯಲಿಲ್ಲ. ತಾನು ಊರಲ್ಲಿಲ್ಲದಾಗ ದಿನಕ್ಕೆ ಮೂರು ಸಲ ನೀರು ಚಿಮುಕಿಸುವ ಕೆಲಸವನ್ನು ನನಗೇ ಒಪ್ಪಿಸಿದಳು. ನಾನೂ ಶ್ರದ್ಧೆಯಿಂದಲೇ ಮಾಡಿದೆ. ಬನಶಂಕರಿಯ ನನ್ನ ಷಡ್ಡಕನಿಗೆ ಫೋನು ಮಾಡಿದಾಗಲೆಲ್ಲ ಹೊಸ ಜಾತಿಯ ಪೋಷಕ ನಾನೇ ಎಂಬಂತೆ ಮಾತಾಡುತ್ತಿದ್ದೆ.

ಒಮ್ಮೆ ಕಾಫಿ ಕುಡಿಯುತ್ತ ಚೇತನಾ ತನ್ನ ಚಿಂತೆಯನ್ನು ಹೇಳಿಕೊಂಡಳು. ಆ ಹಳ್ಳದ ಪಕ್ಕ ರಸ್ತೆ ಅಗಲ ಮಾಡುತ್ತಾರಂತೆ. ಇಂಥ ಗಿಡ ಅವಳು ಹುಡುಕಿದಷ್ಟೂ ಸಿಕ್ಕಿದ್ದು ಅಲ್ಲಿನ ಏಳೆಂಟು ಮರಗಳ ಮೇಲೆ ಮಾತ್ರ, ಅದೂ ಹತ್ತಲಾಗದ ಎತ್ತರದಲ್ಲಿ. "ಹೂವು ಬಿಡೋವರೆಗೂ ಇದನ್ನ ವರ್ಣಿಸಿ ಬರೆಯೋಕಾಗಲ್ಲ ಅಂಕಲ್. ಬರೀದೆ ಹೆಸರಿಡೋಕಾಗಲ್ಲ. ಹೆಸರಿಲ್ದೆ ಇದ್ರೆ ಅಳಿವಿನಂಚಿನ ಪಟ್ಟಿಗೂ ಸೇರಲ್ಲ. ಇಲ್ಲದೇ ಇರೋ ಗಿಡಕ್ಕೋಸ್ಕರ ರಸ್ತೆ ನಿಲ್ಸಿ ಅಂತ ಯಾರ ಹತ್ರ ಹೋಗಿ ಕೇಳಲಿ?"

ಶ್ರಾವಣ ಬಂತು, ಗಿಡದಲ್ಲಿ ಒಂದೇ ಒಂದು ಮೊಗ್ಗೂ ಬಂತು. ಇನ್ನೆರಡು ದಿನಕ್ಕೆ ಅರಳುತ್ತದೆಂದು ಹೇಳಿ ಚೇತನಾ ಶುಕ್ರವಾರ ಸಂಜೆ ಸ್ನೇಹಿತೆಯ ಕ್ಯಾಮೆರಾ ಲೆನ್ಸ್ ತರಲು ಬಿಟಿಎಂ ಲೇಔಟಿಗೆ ಹೋದಳು. ಮಳೆ ಹಿಡಿಯಿತು, ರಸ್ತೆ ಕೆರೆಯಾಯಿತು, ಅಲ್ಲೇ ಉಳಿದಳು.

ಮಾರನೆಯ ದಿನ ಶ್ರಾವಣ ಶನಿವಾರ. ನಮ್ಮ ಮನೆದೇವರು ವೆಂಕಟರಮಣ. ವರ್ಷದಲ್ಲಿ ಅತಿ ಹೆಚ್ಚು ಹೂವು ಬೇಕಾದ ಆ ಬೆಳಿಗ್ಗೆಯೇ ಎದುರು ಮನೆಯವರು ಗೇಟಿಗೆ "ಹೂವು ಕೀಳಬೇಡಿ, ಕ್ಯಾಮೆರಾ ಇದೆ" ಎಂದು ಬೋರ್ಡು ನೇತುಹಾಕಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ "ವಾಕಿಂಗ್ ಬರುವವರಿಗೂ ಅನ್ವಯ" ಎಂದಿತ್ತು. ಅವಮಾನದಲ್ಲಿ ಅರ್ಧ ಕವರು ಹಿಡಿದು ವಾಪಸಾದವನು ನಮ್ಮ ತುಳಸಿಯನ್ನಾದರೂ ಬಿಡಿಸೋಣವೆಂದು ತಾರಸಿ ಹತ್ತಿದೆ. ನೆಟ್ಟಿನ ಒಳಗೆ, ಪಾಚಿಯ ನಡುವೆ, ಕಿರುಬೆರಳಿನ ಉಗುರಿನಷ್ಟು ಒಂದು ಬಿಳಿ ಹೂವು.

ನಿಮ್ಮಾಣೆಗೂ ಅದು ಆರ್ಕಿಡ್ ಎಂದು ನನಗನ್ನಿಸಲಿಲ್ಲ. ನಾನು ಕಂಡ ಆರ್ಕಿಡ್ಡುಗಳೆಲ್ಲ ಆರತಕ್ಷತೆಯ ವೇದಿಕೆಯ ಮೇಲಿನವು, ಅಂಗೈ ಅಗಲದ ನೇರಳೆ ಬಣ್ಣದವು. ಇಷ್ಟೊಂದು ಉಪಚಾರ ಮಾಡಿಸಿಕೊಂಡ ಗಿಡ ಕಡೇಪಕ್ಷ ಅಷ್ಟಾದರೂ ಬಿಡಬೇಡವೇ? ಚೇತನಾ ಹೇಳಿದ ಎರಡು ದಿನವೂ ಇನ್ನೂ ಆಗಿರಲಿಲ್ಲ; ಇದು ಕೊಂಬೆಯ ಜೊತೆ ಬಂದ ಯಾವುದೋ ಕಳೆ ಎಂದುಕೊಂಡು, ನಡೆಯುತ್ತ ನಡೆಯುತ್ತಲೇ ಚಿವುಟಿ ಕವರಿಗೆ ಹಾಕಿಕೊಂಡೆ.

ಎಂಟು ಗಂಟೆಗೆ ಚೇತನಾ ಬಂದಳು. ಮೇಲೆ ಹೋದವಳು ನಿಧಾನವಾಗಿ ಇಳಿದು ಬಂದಳು. "ಅಂಕಲ್, ಹೂವು?" ಎಂದಳು, ಅಷ್ಟೇ. ನಾನು ದೇವರಮನೆಯ ಕಡೆ ನೋಡಿದೆ. ಪೂಜೆ ಮುಗಿದಿತ್ತು. ಬೆಳ್ಳಿಯ ವೆಂಕಟರಮಣನ ಮುಡಿಯಲ್ಲಿ ಆ ಬಿಳಿ ಹೂವು, ಅದರ ಮೇಲೆ ಧಾರಾಳವಾಗಿ ಕುಂಕುಮ.

ಒಮ್ಮೆ ಏರಿಸಿದ ಹೂವನ್ನು ಮಾರನೆಯ ಬೆಳಗಿನ ತನಕ ಮುಟ್ಟುವಂತಿಲ್ಲ ಎನ್ನುವುದು ನಮ್ಮ ಮನೆಯ ಕಟ್ಟುಪಾಡು. ಮದುವೆಯಾದ ಹೊಸದರಲ್ಲಿ ಬಾಡಿದ್ದೊಂದನ್ನು ಮಧ್ಯಾಹ್ನವೇ ಎತ್ತಿಟ್ಟು ನಾನು ವಾರವಿಡೀ ಮಾತು ಕೇಳಿದ್ದುಂಟು. ವಿಷಯ ತಿಳಿದ ಸರಸ್ವತಿ ಆ ಹುಡುಗಿಯ ಮುಖ ನೋಡಿದಳು. ಆಮೇಲೆ ಕೈ ತೊಳೆದು ಬಂದು, ಹೂವನ್ನು ತಾನೇ ತೆಗೆದು ಬಾಳೆಲೆಯ ಚೂರಿನ ಮೇಲಿಟ್ಟು ಕೊಟ್ಟಳು.

"ದೇವರಿಗೆ ನಾನು ಹೇಳ್ಕೋತೀನಿ, ತಗೋಮ್ಮ. ಅವನಿಗೆ ಬೇರೆ ಹೂವಿದೆ. ನಿಂಗಿರೋದು ಇದೊಂದೇ ತಾನೆ?"

ಚೇತನಾ ಅತ್ತಿದ್ದು ಆಗಲೇ.

ಆರ್ಕಿಡ್ ಹೂವಿನ ಒಂದು ಎಸಳು ಮಾತ್ರ ಉಳಿದವುಗಳಂತಿರುವುದಿಲ್ಲ. ಅದಕ್ಕೆ ತುಟಿ ಅನ್ನುತ್ತಾರೆ. ಹುಳು ಬಂದು ಇಳಿಯುವುದು ಅದರ ಮೇಲೆ. ತುಟಿಯ ಆಕಾರ, ಅದರ ಮೇಲಿನ ಗುರುತು, ಇವು ಸರಿಯಾಗಿ ಗೊತ್ತಿಲ್ಲದೆ ಆ ಜಾತಿಯ ವರ್ಣನೆ ಪೂರ್ತಿಯಾಗುವುದಿಲ್ಲವಂತೆ. ಈ ಹೂವಿನ ತುಟಿಯೆಲ್ಲ ಒದ್ದೆ ಕುಂಕುಮ. ಒರೆಸಿದರೆ ಹರಿಯುತ್ತದೆ. ಸ್ಪಿರಿಟ್ಟಿನಲ್ಲಿ ಇಟ್ಟರೆ ಹೂವು ಕೆಡುವುದಿಲ್ಲ, ಆದರೆ ಕುಂಕುಮದ ಜೊತೆ ಹೂವಿನ ಬಣ್ಣವೂ ಬಿಟ್ಟುಹೋಗುತ್ತದೆ.

"ಅಂಕಲ್, ಆಂಟಿ ಕನ್ನಡಕ ಹಾಕ್ದೆ ಏರಿಸಿದ್ರಂತೆ. ಅರಳಿದ್ಮೇಲೆ ಇದನ್ನ ನೋಡಿರೋದು ನೀವೊಬ್ರೇ. ಕಿತ್ತಾಗ ತುಟಿ ಮೇಲೆ ಕೆಂಪು ಏನಾದ್ರೂ ಇತ್ತಾ?"

ಯೋಚಿಸಿದೆ. ಕಣ್ಣು ಮುಚ್ಚಿ ಯೋಚಿಸಿದೆ. ಇತ್ತು ಅಂದರೂ ನಂಬುತ್ತಿದ್ದಳು, ಇರಲಿಲ್ಲ ಅಂದರೂ ನಂಬುತ್ತಿದ್ದಳು, ಅವಳ ಕೆಲಸ ಅಂದೇ ಮುಗಿಯುತ್ತಿತ್ತು. ದಿನಾ ಕವರು ತುಂಬ ಹೂವು ಕಿತ್ತ ಮನುಷ್ಯನಿಗೆ ಬೆಳಿಗ್ಗೆ ತಾನೆ ಕಿತ್ತ ಒಂದು ಹೂವಿನ ಮುಖ ನೆನಪಿರಲಿಲ್ಲ. ನಾಚಿಕೆಯಾಯಿತು. "ನಾನು ನೋಡ್ಲೇ ಇಲ್ಲಮ್ಮ" ಎಂದೆ.

ಪ್ರಾಯಶ್ಚಿತ್ತಕ್ಕೆ ನನ್ನ ಹಳೆಯ ಡ್ರಾಯಿಂಗ್ ಬೋರ್ಡು ಇಳಿಸಿದೆ. ಚೇತನಾ ಒಂದೊಂದೇ ಎಸಳನ್ನು ಭೂತಗನ್ನಡಿಯಲ್ಲಿ ಅಳೆದು ಹೇಳಿದಳು, ನಾನು ಇಂಕಿನಲ್ಲಿ ಬರೆದೆ. ಮೊದಲ ಚಿತ್ರ ನೋಡಿ ಅವಳಿಗೆ ಅಂದಿನ ಮೊದಲ ನಗು ಬಂತು. "ಬೇರಿಂಗ್ ಥರ ಇದೆ ಅಂಕಲ್." ನಾಲ್ಕನೆಯದು ಹೂವಿನ ಹಾಗೆ ಬಂತು. ತುಟಿಯ ಗೆರೆ ಎಳೆದು, ನಡುವಿನ ಜಾಗವನ್ನು ಮಾತ್ರ ಖಾಲಿ ಬಿಟ್ಟೆ. ಸಂಜೆ ಹೂವು ಪುಟ್ಟ ಸೀಸೆಯ ಸ್ಪಿರಿಟ್ಟಿಗೆ ಇಳಿಯಿತು. ಮಾರನೆಯ ದಿನಕ್ಕೆ ಕುಂಕುಮವೂ ಇಲ್ಲ, ಬಣ್ಣವೂ ಇಲ್ಲ.

ಹೋದ ಶ್ರಾವಣದಲ್ಲಿ ಗಿಡ ಹೂ ಬಿಡಲೇ ಇಲ್ಲ. ಅತ್ತ ಹಳ್ಳದ ಪಕ್ಕದ ಮರಗಳಿಗೆ, ಕಡಿಯಲೆಂದು, ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದಾರೆಂದು ಸುದ್ದಿ ಬಂತು. ನನ್ನಿಂದಾಗಿ ಒಂದು ಜಾತಿಯೇ ಹೆಸರಿಲ್ಲದೆ ಹೋಗಿಬಿಡುತ್ತದೋ ಎಂಬ ಭಯ ಊಟದ ತಟ್ಟೆಯ ಮುಂದೆ ಕೂತಾಗಲೂ ಬರುತ್ತಿತ್ತು. ಚೇತನಾ ಒಮ್ಮೆಯೂ ಆಡಿ ತೋರಿಸಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಈಗಲೂ ನಾನು ಹೂವು ಕೀಳುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಕೀಳುವ ಮೊದಲು ನಿಂತು ನೋಡುತ್ತೇನೆ. ನೋಡುತ್ತ ನಿಂತರೆ ಕೈ ಮುಂದೆ ಹೋಗುವುದೇ ಕಡಿಮೆ. ಕವರು ನೋಡಿ ಸರಸ್ವತಿ ಗೊಣಗುತ್ತಾಳೆ, ಎದುರು ಮನೆಯವರು ಬೋರ್ಡು ತೆಗೆದಿದ್ದಾರೆ.

ಲ್ಯಾಬಿನಿಂದ ಬಂದ ದಿನ ಗಿಡದಲ್ಲಿ ಸಾಸಿವೆಯಷ್ಟು ಮೊಗ್ಗಿತ್ತು. ಚೇತನಾ ಘಟ್ಟಕ್ಕೆ ಹೋಗಿದ್ದಳು, ನಂಬರು ಬಿದ್ದ ಮರಗಳ ಬಳಿಗೆ. ಅಂದಿನಿಂದ ನನ್ನ ಬೆಳಗಿನ ವಾಕಿಂಗ್ ತಾರಸಿಯಲ್ಲೇ, ಪ್ಲಾಸ್ಟಿಕ್ ಕುರ್ಚಿಯ ಮೇಲೆ.

ಇವತ್ತು ಬೆಳಿಗ್ಗೆ ಆರೂಕಾಲಿಗೆ ಅರಳಿತು. ಕನ್ನಡಕ ಒರೆಸಿಕೊಂಡು ನೋಡಿದೆ. ಭೂತಗನ್ನಡಿ ಹಿಡಿದು ನೋಡಿದೆ. ಸರಸ್ವತಿಯನ್ನು ಕರೆದು ತೋರಿಸಿದೆ. ಫೋಟೋ ತೆಗೆದೆ. ಕಾಡಿನಲ್ಲಿ ಸಿಗ್ನಲ್ ಸಿಗದ ಚೇತನಾಗೆ ಹನ್ನೊಂದನೆಯ ಸಲಕ್ಕೆ ಫೋನು ತಾಗಿತು.

"ಅಂಕಲ್, ಕಿತ್ತಿಲ್ಲ ತಾನೆ?"

"ಇಲ್ಲಮ್ಮ. ಒಂದು ಕೈಯಲ್ಲಿ ಫೋನಿದೆ, ಇನ್ನೊಂದನ್ನ ನಿಮ್ಮ ಆಂಟಿ ಹಿಡ್ಕೊಂಡಿದ್ದಾಳೆ."

"ತುಟಿ?"

"ಒಂದಲ್ಲ, ಮೂರು ಚುಕ್ಕೆ. ಸಾಲಾಗಿವೆ. ಕೆಂಪಲ್ಲ ಕಣಮ್ಮ, ಜೇನಿನ ಬಣ್ಣ."

ಆ ಕಡೆ ಹಳ್ಳದ ನೀರಿನ ಸದ್ದು ಕೇಳುತ್ತಿತ್ತು. "ಇನ್ನೊಂದ್ಸಲ ನೋಡಿ ಹೇಳಿ ಅಂಕಲ್" ಎಂದಳು. ಇನ್ನೊಂದು ಸಲ ನೋಡಿದೆ. ಮೂರೇ.

ಕೆಳಗಿಳಿದು ಹಳೆಯ ಚಿತ್ರವನ್ನು ಬೋರ್ಡಿಗೆ ಸಿಕ್ಕಿಸಿದೆ. ಖಾಲಿ ಬಿಟ್ಟಿದ್ದ ಜಾಗದಲ್ಲಿ, ಉಸಿರು ಬಿಗಿಹಿಡಿದು, ಒಂದರ ಪಕ್ಕ ಒಂದು ಮೂರು ಚುಕ್ಕೆ ಇಟ್ಟೆ.