ಅತ್ತೆಯವರ ಕಾಲಡಿಯ ತೇವ

ಮೊನ್ನೆ ಆದವಾನಿಯ ಹತ್ತಿ ಮಾರುಕಟ್ಟೆಯ ಮುಂದೆ ಯಾರದೋ ಕಾರು ಬಾನೆಟ್ ಎತ್ತಿಕೊಂಡು ನಿಂತಿತ್ತು. ಪಕ್ಕದಲ್ಲಿ ಹಾದುಹೋಗುವಾಗ ಬೆಲ್ಲದ ಪಾಕ ತುಸು ಸೀದಂಥ ಒಂದು ಸಿಹಿ ವಾಸನೆ ಮೂಗಿಗೆ ಬಡಿಯಿತು. ಅದು ಕೂಲಂಟಿನ ವಾಸನೆ, ಎಂದರೆ ಇಂಜಿನ್ ಕಾಯದ ಹಾಗೆ ಅದರೊಳಗೆ ಸುತ್ತುವ ಹಸಿರು ನೀರಿನದು. ನಿಮಗೆ ಇದರ ಪರಿಚಯವಿಲ್ಲದಿದ್ದರೆ ನೀವು ಪುಣ್ಯವಂತರು. ನಾನಂತೂ ಒಂದು ಬೇಸಿಗೆ ಪೂರ್ತಿ ಅದನ್ನು ಪಂಚಾಮೃತದ ವಾಸನೆ ಎಂದೇ ನಂಬಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಹಳೆಯ ಕಾರು ಕೂಲಂಟ್ ಕುಡಿಯತೊಡಗಿತು. ನಮ್ಮ ಮನೆಯವರು ಇಂಜಿನ್ ಪಕ್ಕದ ಕೂಲಂಟ್ ಡಬ್ಬಿ ತುಂಬಿಸುವುದು, ನಾಲ್ಕು ದಿನ ಬಿಟ್ಟು ನೋಡಿದರೆ ಅದು ಮತ್ತೆ ಕೆಳಗಿಳಿದಿರುವುದು. ಕಾರಿನ ಕೆಳಗೆ ನೆಲ ಮಾತ್ರ ಒಣಒಣ. ಮೆಕ್ಯಾನಿಕ್ ಖಾದರ್ ಭಾಯ್ ರೇಡಿಯೇಟರಿನ ಮುಚ್ಚಳ ಬದಲಿಸಿದರು, ಪೈಪುಗಳನ್ನೆಲ್ಲ ಹಿಸುಕಿ ನೋಡಿದರು, ಕೊನೆಗೆ ಕೈ ಒರೆಸಿಕೊಂಡು, "ಹೊರಗ ಎಲ್ಲೂ ಸೋರಂಗಿಲ್ಲ ಸಾರ್. ಇಂಜಿನ್ ಒಳಗೇ ಹೋಗತೈತಿ ಅನಸ್ತೈತಿ. ಬಿಚ್ಚೇ ನೋಡಬೇಕು," ಎಂದರು. ಬಿಚ್ಚುವ ಮಾತು ಕೇಳಿ ನಮ್ಮ ಮನೆಯವರು ಖರ್ಚಿಗೆ ಹೆದರಿ ಇನ್ನೊಂದು ಡಬ್ಬಿ ಕೂಲಂಟ್ ಕೊಂಡು ತಂದರು.

ಸುಳಿವುಗಳು ಕಣ್ಣ ಮುಂದೆಯೇ ಇದ್ದವು. ಕಾರಿನೊಳಗೆ ಸಿಹಿ ವಾಸನೆ, ಮುಂದಿನ ಗಾಜಿನ ಒಳಗಡೆ ಎಷ್ಟು ಒರೆಸಿದರೂ ಹೋಗದ ಜಿಡ್ಡು, ಚಾಲಕನ ಪಕ್ಕದ ಸೀಟಿನಲ್ಲಿ ಕೂತವರ ಕಾಲ ಕೆಳಗಿನ ಚಾಪೆಯಲ್ಲಿ ತೇವ. ಆದರೆ ನಮ್ಮದು ಆಚಾರದ ಮನೆ ನೋಡಿ, ಕಾರಿನ ಪ್ರತಿಯೊಂದು ರೋಗಕ್ಕೂ ದೇವರ ಕಡೆಯ ಕಾರಣವೊಂದು ಸಿದ್ಧವಾಗಿರುತ್ತಿತ್ತು. ವಾಸನೆ, ಮಂತ್ರಾಲಯದಿಂದ ಬರುವಾಗ ತಂದ ಪಂಚಾಮೃತ ಚೆಲ್ಲಿದ್ದು. ಜಿಡ್ಡು, ದಿನಾ ಬೆಳಿಗ್ಗೆ ಸ್ಟಿಯರಿಂಗ್ ಮುಂದೆ ಹಚ್ಚುವ ಊದಿನಕಡ್ಡಿಯ ಹೊಗೆ. ತೇವ, ಅತ್ತೆಯವರ ತಂಬಿಗೆ.

ಈ ತಂಬಿಗೆಯ ಬಗ್ಗೆ ಹೇಳಬೇಕು. ಹಾಲಹರವಿಯಲ್ಲಿ ಅತ್ತೆಯವರ ತಂಗಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅವರ ಓಣಿಯಲ್ಲಿ ಬರುವುದು ಸವಳು ನೀರು. ಆಕೆಗೆ ನಮ್ಮ ಹಿತ್ತಲ ಬಾವಿಯ ಸಿಹಿ ನೀರೆಂದರೆ ಪ್ರಾಣ. ಪ್ರತಿ ದ್ವಾದಶಿಗೆ ಆಕೆಯನ್ನು ನೋಡಲು ಹೋಗುವಾಗ ಅತ್ತೆಯವರು ಮಡಿಯಲ್ಲಿ ಸೇದಿ, ಹಿತ್ತಾಳೆ ತಂಬಿಗೆಗೆ ತುಂಬಿ, ಮುಚ್ಚಳವಿಟ್ಟು, ದಾರಿಯುದ್ದಕ್ಕೂ ಮಡಿಲಲ್ಲಿ ಹಿಡಿದುಕೊಂಡು ಒಯ್ಯುತ್ತಿದ್ದರು. ಪ್ಲಾಸ್ಟಿಕ್ ಬಾಟಲಿಯ ಹೆಸರೆತ್ತಿದರೆ ಸಾಕು, ಮುಖ ಆ ಕಡೆ ತಿರುಗುತ್ತಿತ್ತು.

"ಅಮ್ಮಾ, ನಿನ್ನ ಕೈ ನಡಗತಾವ. ಚಾಪಿ ಕೊಳೀಲಿಕ್ಕೆ ಹತ್ತೇದ. ಇನ್ನ ಮ್ಯಾಲೆ ತಂಬಿಗಿ ಬ್ಯಾಡ," ಎಂದುಬಿಟ್ಟರು ನಮ್ಮ ಮನೆಯವರು.

"ನಾ ಚೆಲ್ಲಿಲ್ಲೋ."

"ಮತ್ಯಾರು ಚೆಲ್ಲತಾರ, ಹೇಳು."

ಅತ್ತೆಯವರು ಚಾಪೆಯನ್ನು ಮಾಳಿಗೆಯ ಮೇಲೆ ಒಣಹಾಕಲು ಒಯ್ಯುತ್ತಿದ್ದ ನನ್ನನ್ನು ಒಮ್ಮೆ ನೋಡಿದರು. ನಾನೂ ವಯಸ್ಸಾದವರ ಮೇಲೆ ತೋರಿಸುವ ಒಂದು ಥರದ ಕರುಣೆಯ ನಗೆ ನಕ್ಕೆ. ಆ ನಗೆ ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಮುಂದಿನ ದ್ವಾದಶಿಗೆ ಅತ್ತೆಯವರು ಬರಿಗೈಲಿ ಬಂದು ಮುಂದಿನ ಸೀಟಿನಲ್ಲಿ ಕೂತರು. ಮಗನಿಗೆ ತನ್ನ ಮಾತು ನಡೆಯಿತೆಂಬ ಸಮಾಧಾನ. ಅತ್ತೆಯವರು ಮಾವನವರ ಹಳೆಯ ಬಿಳಿ ಪಂಚೆಯೊಂದನ್ನು ಮಡಚಿ ಕಾಲ ಕೆಳಗೆ ಹಾಸಿಕೊಂಡದ್ದನ್ನು ನಾನು ಹಿಂದಿನಿಂದ ನೋಡಿದೆ, ಕಾಲು ಸುಡಬಾರದೆಂದು ಇರಬೇಕು ಅಂದುಕೊಂಡೆ. ಹಾಲಹರವಿಯಲ್ಲಿ ತಂಗಿ ಕೇಳಿದ ಮೊದಲ ಮಾತೇ, "ಅಕ್ಕಾ, ನೀರು ತಂದೀಯಾ?"

"ಇವತ್ತ ಇಲ್ಲ. ಇವತ್ತೊಂದಿನ ತಡಕೋ."

ಇಷ್ಟು ಹೇಳಿ ಅಂಗಳಕ್ಕೆ ಬಂದು, ಕಾರಿನಿಂದ ಆ ಪಂಚೆ ತೆಗೆದು ಮಗನ ಮುಂದೆ ಬಿಡಿಸಿ ಹಿಡಿದರು. ಬಿಳಿ ಬಟ್ಟೆಯ ನಡುವೆ ಅಂಗೈಯಗಲದ ಹಸಿರು ಕಲೆ. ಮುಟ್ಟಿದರೆ ಅಂಟಂಟು.

"ನಮ್ಮ ಬಾವಿ ನೀರು ಹಸರು ಅದ ಏನಪಾ?"

ಮರುದಿನ ಪಂಚೆಯನ್ನು ಮೂಸಿ ನೋಡಿದ ಖಾದರ್ ಭಾಯ್ ಹಣೆ ಹಣೆ ಚಚ್ಚಿಕೊಂಡರು. ಕಾರಿನ ಒಳಗೆ ಬಿಸಿ ಗಾಳಿ ಬೀಸಲು ಹೀಟರ್ ಇರುತ್ತದಂತೆ. ಡ್ಯಾಶ್‌ಬೋರ್ಡಿನ ಹಿಂದೆ ಅದಕ್ಕೊಂದು ಪುಟ್ಟ ರೇಡಿಯೇಟರ್, ಅದರೊಳಗೂ ಇದೇ ಕೂಲಂಟ್. ಅದು ತೂತುಬಿದ್ದು ಒಳಗೊಳಗೇ ಹನಿಯುತ್ತಿತ್ತು. "ಈ ಬಿಸಲಾಗ ಹೀಟರ್ ಯಾರು ಹಾಕ್ತಾರ ಸಾರ್? ಅದೊಂದು ಐತಿ ಅನ್ನೋದೇ ಮರತೀನಿ," ಎಂದರು. ನಾವು ಅದರ ಗುಂಡಿಯನ್ನು ಎಂದೂ ಮುಟ್ಟಿದವರೇ ಅಲ್ಲ. ಅವರು ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಒಂದಕ್ಕೊಂದು ಜೋಡಿಸಿ, ಹೀಟರನ್ನು ಕೂಲಂಟಿನ ದಾರಿಯಿಂದಲೇ ತಪ್ಪಿಸಿಬಿಟ್ಟರು. ಇಂಜಿನ್ ಬಿಚ್ಚುವ ಮಾತು ಅಲ್ಲಿಗೇ ಮುಗಿಯಿತು.

ಮನೆಗೆ ಬಂದು ನಮ್ಮ ಮನೆಯವರು ಅಮ್ಮನ ಮುಂದೆ ಕೂತು ಎರಡೂ ಕೈ ಹಿಡಿದುಕೊಂಡರು. "ನಿನ್ನ ಕೈ ನಡಗೂದಿಲ್ಲಮ್ಮ. ನಾನೇ ಸುಮ್ಮನ ಅಂದೆ," ಎಂದರು. ಅತ್ತೆಯವರು ಕೈ ಬಿಡಿಸಿಕೊಳ್ಳಲಿಲ್ಲ.

"ಸುಳ್ಳು ಹೇಳಬ್ಯಾಡ. ನಡಗತಾವ. ಭಾಳ ದಿನ ಆತು. ಅದಕ್ಕೇ ತಂಬಿಗಿ ಮುಕ್ಕಾಲೇ ತುಂಬತೀನಿ. ನನ್ನ ಕೈಯಾಗ ಎಷ್ಟು ನೀರು ನಿಲ್ಲತಾವ ಅನ್ನೂದು ನನಗ ಗೊತ್ತಿಲ್ಲೇನು?"

ನಾವು ಯಾರೂ ಗಮನಿಸುವ ಮೊದಲೇ ಅವರು ತಮ್ಮ ಮುಪ್ಪನ್ನು ತಾವೇ ಲೆಕ್ಕ ಹಾಕಿ ಮುಗಿಸಿದ್ದರು.

ಈಗಲೂ ಹಾಲಹರವಿಗೆ ಹೋಗುತ್ತೇವೆ. ಕಾರು ನಾನೇ ಓಡಿಸುತ್ತೇನೆ, ಅತ್ತೆಯವರು ಪಕ್ಕದಲ್ಲಿ. ಇತ್ತೀಚೆಗೆ ತಂಬಿಗೆಗೆ ಅರ್ಧವೇ ನೀರು ತುಂಬುತ್ತಿದ್ದಾರೆ. ನಾನು ನೋಡಿದ್ದೇನೆ, ಏನೂ ಕೇಳಿಲ್ಲ. ಹಳ್ಳ ದಿಣ್ಣೆ ಬಂದಾಗ ಸ್ವಲ್ಪ ನಿಧಾನ ಮಾಡುತ್ತೇನೆ, ಅಷ್ಟೇ.