ಮೊಲಾ ಮೀನಿನ ತಲೆಯೂ ಕೋಬಾದ್ ಮಾಝಿಯವರ ಮುಸ್ಸಂಜೆಯೂ

ದೋಣಿಯಲ್ಲಿ ಜನರನ್ನು ಕಾಲಿಗಂಗಾ ನದಿ ದಾಟಿಸುವ ಅಂಬಿಗ ಕೋಬಾದ್ ಮಾಝಿಯವರ ಕಣ್ಣಿಗೆ ವಯಸ್ಸಾಯಿತೆಂದು ಊರೆಲ್ಲ ತೀರ್ಪು ಕೊಟ್ಟಿತ್ತು. ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದ ನಾನು, ಪರೀಕ್ಷಿಸದೆ ಕೊಟ್ಟ ತೀರ್ಪನ್ನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಹಗಲಿನಲ್ಲಿ ಆಚೆ ದಡದ ಮೇಕೆಯ ಬಣ್ಣ ಹೇಳುತ್ತಿದ್ದ ಅವರು, ಸಂಜೆಯ ಮಗ್ರಿಬ್ ಆಜಾನ್ ಆದೊಡನೆ, ದೋಣಿ ನಿಲ್ಲುವ ಕಡವು ತಪ್ಪಿ ದೋಣಿಯನ್ನು ನೀರುಕಳೆಗೆ ನುಗ್ಗಿಸುತ್ತಿದ್ದರು.

“ದಡವೇ ಸರ್ಕೊಳ್ತಿದೆ ಮಾಸ್ಟರ್ ಸಾಹೇಬ್ರೆ, ನಾನೇನು ಮಾಡ್ಲಿ?”

“ಹಂಗಾದ್ರೆ ದಡಕ್ಕೇ ಕನ್ನಡಕ ಹಾಕಿಸ್ಬೇಕು ಚಾಚಾ,” ಎನ್ನುತ್ತಿದ್ದರು ದೋಣಿಯಲ್ಲಿದ್ದವರು.

ಆದರೆ ಈದ್ ಕಳೆದ ಮೇಲೆ ದೋಣಿಯನ್ನು ಬೇರೆಯವರಿಗೆ ಒಪ್ಪಿಸುವುದಾಗಿ ಕಡವಿನ ಸಮಿತಿ ಸಾರಿದಾಗ ಮಾಝಿಯವರ ನಗು ನಿಂತಿತು. ಹುಟ್ಟು ಹಿಡಿಯದೆ ಆ ಮನುಷ್ಯ ಒಂದು ದಿನವೂ ಬದುಕಿದವರಲ್ಲ. ನಾನೇ ಕಣ್ಣಾಸ್ಪತ್ರೆಗೆ ಕರೆದೊಯ್ದೆ.

ವೈದ್ಯೆ ಸ್ಪಷ್ಟವಾಗಿ ಹೇಳಿದರು: ವಯಸ್ಸಿನ ಪೊರೆ ಇನ್ನೂ ಎಳೆಯದು, ಅದು ಬಲಿತರೆ ಶಸ್ತ್ರಚಿಕಿತ್ಸೆಯೇ ಮದ್ದು, ಯಾವ ಜೀವಸತ್ವವೂ ಅದನ್ನು ಕರಗಿಸದು. ಸಂಜೆಯ ಕತ್ತಲಿಗೆ ಕಾರಣ ಬೇರೆ: ಎ ಜೀವಸತ್ವದ ಕೊರತೆಯಿಂದ ಬಂದ ಇರುಳುಗಣ್ಣು.

“ಮೀನು ತಿಂತೀರಾ ಚಾಚಾ?”

“ಮೀನು ಬಿಟ್ಟು ಬೇರೇನು ತಿಂತೀನಿ ಅಂತ ಕೇಳಿ ತಾಯಿ.”

ಹಾಗಿದ್ದರೆ ಕೊರತೆ ಎಲ್ಲಿಂದ ಬಂತು? ಮರುದಿನ ಅವರ ಮನೆಗೆ ಹೋದೆ. ಸೊಸೆ ಮೊರ್ಜಿನಾ ಈಳಿಗೆಯ ಮುಂದೆ ಕುಳಿತು, ಬೆರಳುದ್ದದ ಮೊಲಾ ಮೀನುಗಳ ತಲೆ ಕತ್ತರಿಸಿ, ಕರುಳು ಹಿಂಡಿ, ಎಲ್ಲವನ್ನೂ ಬಾತುಕೋಳಿಗಳಿಗೆ ಎಸೆಯುತ್ತಿದ್ದಳು.

“ಅಬ್ಬಾಗೆ ಹಲ್ಲಿಲ್ವಲ್ಲ. ತಲೆ ಮುಳ್ಳು ಚುಚ್ಚೀತು ಅಂತ ಅವರ ಪಾಲಿನದು ಬಿಡಿಸಿ ಕೊಡ್ತೀನಿ.”

“ಕುಂಬಳಕಾಯಿ, ಸೊಪ್ಪು?”

“ಅದು ಹೆಂಗಸರ ಊಟ ಅಂತಾರೆ.”

ನನಗೆ ಸಿಟ್ಟು ತಡೆಯಲಿಲ್ಲ. “ಮೊಲಾ ಮೀನಿನ ಎ ಜೀವಸತ್ವದ ಬಹುಪಾಲು ಇರೋದೇ ಕಣ್ಣಲ್ಲಿ, ಹೊಟ್ಟೇಲಿ. ನೀನು ಮುಖ್ಯವಾದದ್ದನ್ನೇ ಎಸೀತಿದ್ದೀಯ.”

ಜಗಲಿಯಿಂದ ಕೋಬಾದ್ ಮಾಝಿಯವರು, “ಹಂಗಾದ್ರೆ ನಮ್ಮ ಬಾತುಕೋಳಿಗಳು ರಾತ್ರಿ ಕುರಾನ್ ಓದ್ತಿರ್ಬೇಕು,” ಎಂದರು. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಅಂದಿನಿಂದ ಆಕೆ ಇಡೀ ಮೀನನ್ನು ಕಲ್ಲಿನ ಮೇಲೆ ನುಣ್ಣಗೆ ಅರೆದು, ಎಣ್ಣೆಯಲ್ಲಿ ವಡೆ ಕರಿದು ಕೊಟ್ಟಳು. ಜೊತೆಗೆ ಕುಂಬಳ, ವೈದ್ಯೆ ಬರೆದುಕೊಟ್ಟ ಮಾತ್ರೆ, ಹೇಳಿದಷ್ಟೇ, ಏಕೆಂದರೆ ಮಿತಿ ಮೀರಿದರೆ ಅದೇ ವಿಷ.

ಈದ್ ಕಳೆಯಿತು. ಸಮಿತಿಯ ಹಿರಿಯರಾದ ತೋರಾಬ್ ಮಿಯಾ ದೋಣಿ ಕೈಬದಲಾಗುವ ಮುನ್ನ ಮಾಝಿಯವರನ್ನು ಪರೀಕ್ಷಿಸಲು ಮುಸ್ಸಂಜೆಯಲ್ಲಿ ತಾವೇ ದೋಣಿ ಹತ್ತಿ ಕುಳಿತರು. ದೋಣಿ ನೇರವಾಗಿ ಕಡವು ಮುಟ್ಟಿತು.

“ಮಿಯಾ, ಎಡಕ್ಕೆ ಇಳೀರಿ. ಬಲಕ್ಕೆ ಕೆಸರಿದೆ,” ಎಂದರು ಕೋಬಾದ್ ಮಾಝಿಯವರು.

“ಯಾವ ಕೆಸರಯ್ಯ?” ಎಂದು ಬಲಕ್ಕೇ ಇಳಿದ ಮಿಯಾ ಮೊಣಕಾಲಿನವರೆಗೆ ಹೂತುಹೋದರು. ಅವರನ್ನು ಎಳೆದು ಮೇಲೆತ್ತಿದ ಮೇಲೆ, ದೋಣಿ ಯಾರ ಕೈಯಲ್ಲಿರಬೇಕೆಂಬ ಚರ್ಚೆ ನಡೆಯಲಿಲ್ಲ.